ಪಲ್ಸ್ ಸಿಗ್ತಿಲ್ಲ

ಮಲ್ಲೇಶ್ವರದ ಶಾಮಣ್ಣನವರ ಮನೆಯ ಫೋನಿನ ತಾಮ್ರದ ತಂತಿ ಹೋಗಿ ಫೈಬರ್ ಬಂತು. ಹುಡುಗ ಗೋಡೆಗೆ ಬಿಳಿ ಡಬ್ಬಿ ಕೂರಿಸಿದ.

“ಇನ್ಮೇಲೆ ನಿಮ್ಮ ಮಾತು ಬೆಳಕಲ್ಲಿ ಹೋಗುತ್ತೆ ಸಾರ್.”

“ಕರೆಂಟ್ ಹೋದ್ರೆ?”

“ಬೆಳಕೂ ಹೋಗುತ್ತೆ.”

“ಹಳೇದು ಕತ್ತಲಲ್ಲೂ ಮಾತಾಡ್ತಿತ್ತಲ್ಲಪ್ಪಾ!”

“ಅದಕ್ಕೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ತಂತಿಯಲ್ಲೇ ಬರ್ತಿತ್ತು. ಇದು ಗಾಜಿನ ಎಳೆ, ಕರೆಂಟ್ ಹರಿಯಲ್ಲ. ಡಬ್ಬಿಗೊಂದು ಯುಪಿಎಸ್ ತಗೊಂಡ್ಬಿಡಿ.”

“ಅಂದ್ರೆ ಎಕ್ಸ್‌ಚೇಂಜಿನ ಖರ್ಚು ನನ್ನ ಜೇಬಿಗೆ ಎಕ್ಸ್‌ಚೇಂಜ್ ಆಯ್ತು ಅನ್ನು.”

ಹುಡುಗ ಕೇಳಿಸದವನಂತೆ ಬೆರಳಲ್ಲಿ ತಿರುಗಿಸುವ ಹಳೆಯ ಕಪ್ಪು ಫೋನನ್ನು ಡಬ್ಬಿಗೆ ಸಿಕ್ಕಿಸಿದ. ಗಂಟೆ ಹೊಡೆಯಿತು, ಮಾತೂ ಕೇಳಿಸಿತು. ಡಯಲ್ ಮಾತ್ರ ಆಗದು. ಇಂಥ ಡಬ್ಬಿಗಳಲ್ಲಿ ಎಷ್ಟೋ ಟೋನ್ ಮಾತ್ರ ಬಲ್ಲವು. ಚಕ್ರದ ಟಕಟಕ ಅವಕ್ಕೆ ಅರ್ಥವಾಗದು.

“ಪಲ್ಸ್ ಸಿಗ್ತಿಲ್ಲ ಸಾರ್.”

ಅಡುಗೆಮನೆಯಿಂದ ಪದ್ಮಮ್ಮ ಓಡಿಬಂದರು. “ಅಯ್ಯೋ! ಡಾಕ್ಟರಿಗೆ ಫೋನ್ ಮಾಡೀಂದ್ರೆ!”

“ಯಾವುದರಲ್ಲೇ ಮಾಡ್ಲಿ?”

“ಗುಂಡಿ ಒತ್ತೋ ಫೋನ್ ತನ್ನಿ, ಸರಿಹೋಗುತ್ತೆ,” ಎಂದ ಹುಡುಗ, ಚೀಲ ಹೆಗಲಿಗೇರಿಸುತ್ತ. “ಏನೇ ತೊಂದರೆಯಾದ್ರೂ ಈ ನಂಬರಿಂದಲೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ.”

“ಫೋನೇ ಸತ್ತಿದ್ರೆ?”

“ಆಪ್ ಇದೆಯಲ್ಲ ಸಾರ್. ಓಟಿಪಿ ಇದೇ ನಂಬರಿಗೆ ಬರುತ್ತೆ.”