ಮಳವಳ್ಳಿಯಿಂದ ಬೆಂಗಳೂರಿಗೆ, ವಾಯುಮಾರ್ಗವಾಗಿ

ಮಳವಳ್ಳಿಯವನೊಬ್ಬ ಬೆಂಗಳೂರಿಗೆ ವಿಮಾನದಲ್ಲೇ ಹೋಗುತ್ತೇನೆಂದು ಹಠ ಹಿಡಿದರೆ ಮೊದಲು ಬೆಂಗಳೂರಿಗೆ ಬೆನ್ನು ತಿರುಗಿಸಬೇಕು. ಬನ್ನೂರಿನ ಮೇಲೆ ಹಾದು ಸುಮಾರು ಐವತ್ತು ಕಿಲೋಮೀಟರ್ ದೂರದ ಮೈಸೂರಿಗೆ ಹೋಗಿ, ಊರಾಚೆಯ ಮಂಡಕಳ್ಳಿಯಲ್ಲಿ ಚೀಲ ತೋರಿಸಿ, ಬೆಲ್ಟು ಬಿಚ್ಚಿ, ಒಂದು ಗಂಟೆ ಕಾದು, ಆ ಮಾರ್ಗದಲ್ಲಿ ವಿಮಾನವಿದ್ದರೆ ಹತ್ತಬೇಕು. ಅಷ್ಟು ಹೊತ್ತಿಗೆ ಕನಕಪುರದ ಬಸ್ಸು ಹಿಡಿದ ಅವನ ಭಾವಮೈದ ಬೆಂಗಳೂರಿನ ಅಂಚಿನಲ್ಲಿ ಟೀ ಕುಡಿಯುತ್ತಿರುತ್ತಾನೆ.

ಮಂಡಕಳ್ಳಿಯಿಂದ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ಭೂಪಟದಲ್ಲಿ ಗೆರೆ ಎಳೆದರೆ ಸುಮಾರು 155 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೆ ಅದು ಇಪ್ಪತ್ತು ನಿಮಿಷದ ಕೆಲಸ. ಆದರೆ ಓಡಿ, ಏರಿ, ಸುತ್ತಿ, ಇಳಿಯುವುದೆಲ್ಲ ಸೇರಿದರೆ ಒಂದು ಗಂಟೆಯ ಹತ್ತಿರ. ಇಳಿದದ್ದಾದರೂ ಎಲ್ಲಿ? ಬೆಂಗಳೂರನ್ನು ದಾಟಿ ಆಚೆ. ಮೆಜೆಸ್ಟಿಕ್ಕಿಗೆ ಮತ್ತೆ ಮೂವತ್ತೈದು ಕಿಲೋಮೀಟರ್ ವಾಪಸ್ಸು. ಅಂದರೆ ಈ ಪ್ರಯಾಣದಲ್ಲಿ ಮನುಷ್ಯ ಎರಡು ಸಲ ಹಿಂದಕ್ಕೆ ಹೋಗುತ್ತಾನೆ, ಒಂದು ಸಲ ಮೇಲಕ್ಕೆ. ಇದಕ್ಕೆ ಪ್ರಗತಿ ಎನ್ನದೆ ಬೇರೆ ದಾರಿಯಿಲ್ಲ.

ಆ ಗೆರೆ ಸರಿಯಾಗಿ ಮದ್ದೂರಿನ ನೆತ್ತಿಯ ಮೇಲೆ ಹಾಯುತ್ತದೆ. ರೈಲಾದರೆ ಮದ್ದೂರಿನಲ್ಲಿ ನಿಲ್ಲುತ್ತದೆ, ಕಿಟಕಿಯೊಳಗೆ ವಡೆಯ ಪೊಟ್ಟಣ ಬರುತ್ತದೆ. ವಿಮಾನದ ಕಿಟಕಿ ತೆರೆಯುವುದಿಲ್ಲ. ತೆರೆದರೂ ಚಟ್ನಿ ಮೇಲೆ ಎಸೆಯುವ ತಂತ್ರಜ್ಞಾನ ಇನ್ನೂ ಬಂದಿಲ್ಲ. 2010ರಲ್ಲಿ ಕಿಂಗ್‌ಫಿಷರ್ ಈ ವಾಯುಮಾರ್ಗಕ್ಕೆ ಬಂತು, ಹೋಯಿತು. ಆಮೇಲೆ ಸ್ಪೈಸ್‌ಜೆಟ್ ಬಂತು, ಹೋಯಿತು. 2019ರಲ್ಲಿ ಅಲಯನ್ಸ್ ಏರ್ ಬಂತು. ನಮ್ಮ ನಾಲೆಯ ನೀರಿಗಾದರೂ ಸರದಿಯಂತೆ ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿ ಎಂಬುದೊಂದಿದೆ.

ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕು ಎಂಬ ಘೋಷಣೆಯೊಡನೆ 2017ರಲ್ಲಿ ಉಡಾನ್ ಯೋಜನೆಯ ಮೊದಲ ವಿಮಾನ ಹಾರಿತು. ಒಳ್ಳೆಯದೇ. ಆರು ವರ್ಷದ ಮೇಲೆ, 2023ರ ಮಾರ್ಚ್ 12ರಂದು, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಪ್ರಧಾನಿಯವರು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟಿಸಿದರು: 118 ಕಿ.ಮೀ., ಎಪ್ಪತ್ತೈದು ನಿಮಿಷ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಗೆಜ್ಜಲಗೆರೆಯ ಹವಾಯಿ ಚಪ್ಪಲಿಯವನು ಆಕಾಶಕ್ಕೆ ಹೋಗಬಹುದು. ಕಬ್ಬಿನ ಟ್ರ್ಯಾಕ್ಟರ್ ಹೊಡೆದುಕೊಂಡು ತನ್ನೂರ ರಸ್ತೆಗೆ ಹೋಗುವಂತಿಲ್ಲ. ಅಪಘಾತ ತಪ್ಪಿಸಲು ಮಾಡಿದ ನಿಯಮ, ಅದರಲ್ಲಿ ಅರ್ಥವಿದೆ. "ಸರ್ವಿಸ್ ರೋಡ್ ಐತಲ್ಲ, ಅದ್ರಾಗೆ ಓಗ್ಲಾ" ಎನ್ನುತ್ತಾರೆ. ಎಪ್ಪತ್ತೈದು ನಿಮಿಷದ ಲೆಕ್ಕ ಹಾಕಿದವರು ಆ ರೋಡಿಗೆ ಇಳಿದಂತಿಲ್ಲ.

ಹಾಗಾದರೆ ಮಂಡ್ಯಕ್ಕೇ ಒಂದು ವಿಮಾನ ನಿಲ್ದಾಣ ಬರಲಿ ಎನ್ನಬಹುದು. ತೊಡಕಿರುವುದು ನೀರಾವರಿ ಜಮೀನಿನಲ್ಲಲ್ಲ. ಅದನ್ನು ಬರೆಸಿಕೊಳ್ಳುವ ವಿದ್ಯೆ ನಮ್ಮವರಿಗೆ ಕರತಲಾಮಲಕ. ತೊಡಕು ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿದೆ. 2008ರಲ್ಲಿ ಆ ನಿಲ್ದಾಣ ಶುರುವಾದಾಗಿನಿಂದ ಇಪ್ಪತ್ತೈದು ವರ್ಷ, ಸುತ್ತ 150 ಕಿ.ಮೀ. ವಾಯುದೂರದಲ್ಲಿ ಹೊಸದೊಂದು ಏಳುವಂತಿಲ್ಲ. ಮೈಸೂರು, ಹಾಸನಕ್ಕೆ ವಿನಾಯಿತಿ ಉಂಟು. ಮಂಡ್ಯ ಸುಮಾರು 115 ಕಿ.ಮೀ.ಯಲ್ಲಿದ್ದು, ವಿನಾಯಿತಿಯ ಪಟ್ಟಿಯಲ್ಲಿಲ್ಲ. ನಿರ್ಬಂಧ ಮುಗಿಯುವುದು 2033ರ ಮೇ ತಿಂಗಳಲ್ಲಿ. ಅಷ್ಟರೊಳಗೆ ನಿಲ್ದಾಣ ಕಟ್ಟುವಂತಿಲ್ಲ, ಭರವಸೆ ಕೊಡಲು ಅಡ್ಡಿಯೇನಿಲ್ಲ. 2028ರ ಚುನಾವಣೆಗೆ ಒಂದು ಸಲ ಶಂಕುಸ್ಥಾಪನೆಯ ಮಾತಾಡಬಹುದು, 2033ರ ಚುನಾವಣೆಗೆ ಅದೇ ಕಲ್ಲನ್ನು ತೊಳೆದು ಇಡಬಹುದು.