ವಾಲಿಯ ಮನೆತನ: ಬ್ಯಾಸ್ಕೆಟ್‌ಬಾಲಿನ ಮೂಲಪುರುಷನ ಬಗ್ಗೆ ಟಿ.ಬಿ. ಡ್ಯಾಂ ಪಂಥದ ನಿಲುವು

ಹನುಮಂತನ ವಿಷಯದಲ್ಲಿ ನಾವು ತಡಮಾಡಿ ಕೆಟ್ಟೆವು. ಅಂಜನಾದ್ರಿ ಕಣ್ಣೆದುರಿಗೇ ಇದೆ, ಎಲ್ಲಿಗೆ ಹೋದೀತು ಎಂದು ಕೂತಿದ್ದಾಗ 2021ರ ರಾಮನವಮಿಯ ದಿನ ತಿರುಪತಿಯವರು ಆತ ಹುಟ್ಟಿದ್ದು ತಿರುಮಲದ ಬೆಟ್ಟದಲ್ಲಿ ಎಂದು ಘೋಷಿಸಿಬಿಟ್ಟರು. ಗೋಕರ್ಣದ ಕಡೆಯಿಂದಲೂ ತಕರಾರು ಬಂತು. ವಾಲಿಗೆ ಮಾತ್ರ ಇನ್ನೂ ವಾರಸುದಾರರು ಹುಟ್ಟಿಲ್ಲ. ಸೋತವನ ಜನ್ಮಸ್ಥಳಕ್ಕೆ ಯಾರು ಮೆಟ್ಟಿಲು ಕಟ್ಟಿಸುತ್ತಾರೆ? ಆದ್ದರಿಂದ, ಅನ್ಯರ ಕಣ್ಣು ಬೀಳುವ ಮೊದಲೇ, ಜಗತ್ತಿನ ಆದ್ಯ ಬ್ಯಾಸ್ಕೆಟ್‌ಬಾಲ್ ಆಟಗಾರನಾದ ವಾಲಿಯ ಕುಟುಂಬದ ಹಿನ್ನೆಲೆಯನ್ನು ಶಾಸ್ತ್ರೋಕ್ತವಾಗಿ ದಾಖಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಹೊಡೆದು ಈ ಆಟ ಶುರುಮಾಡಿದರು ಎಂಬುದು ಪಾಶ್ಚಾತ್ಯರ ವಾದ. ಬುಟ್ಟಿಗೆ ತಳವಿತ್ತು. ಒಳಗೆ ಬಿದ್ದ ಚೆಂಡನ್ನು ಏಣಿ ಹತ್ತಿ ತೆಗೆಯಬೇಕಿತ್ತು. ಏಣಿ ಬೇಕಾಗುವವರು ಈ ಆಟದ ಮೂಲಪುರುಷರು ಹೇಗಾದಾರು? ಪೂರ್ವಪಕ್ಷ ಇಲ್ಲಿಗೆ ಮುಗಿಯಿತು.

ಆಟಗಾರನ ಹಿರಿಮೆಯನ್ನು ಅಪ್ಪ-ಅಮ್ಮನಲ್ಲಿ ಹುಡುಕುವುದು ಈ ಕ್ಷೇತ್ರದ ಒಪ್ಪಿತ ಪದ್ಧತಿ. ಚೀನಾದ ಯಾವೊ ಮಿಂಗ್ ಏಳೂವರೆ ಅಡಿ. ಅಪ್ಪ ಬ್ಯಾಸ್ಕೆಟ್‌ಬಾಲ್ ಆಟಗಾರ, ಅಮ್ಮ ಫಾಂಗ್ ಫೆಂಗ್ಡಿ ದೇಶದ ಮಹಿಳಾ ತಂಡದ ನಾಯಕಿ. 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ, ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ಏಳಡಿ ಎರಡಿಂಚು. ರೈತರಾದ ಅಪ್ಪನೂ ಏಳಡಿ ದಾಟಿದವರೇ. ಚೆನ್ನಾಗಿದೆ, ಆದರೆ ಎಲ್ಲ ಎರಡೇ ತಲೆಮಾರು. ನಮ್ಮಲ್ಲಿ ಮೂರು ಸಿಗುತ್ತವೆ.

ವಾಲಿಯ ಹೆತ್ತವರ ವಿಷಯದಲ್ಲಿ ಒಂದು ತೊಡಕಿದೆ. ಉತ್ತರಕಾಂಡದ ಪ್ರಕ್ಷಿಪ್ತ ಸರ್ಗಗಳ ಪ್ರಕಾರ ಋಕ್ಷರಜಸ್ಸೆಂಬ ಕಪಿರಾಜ ಕೊಳವೊಂದರಲ್ಲಿ ಮುಳುಗಿ ಏಳುವಷ್ಟರಲ್ಲಿ ಹೆಣ್ಣಾಗಿದ್ದ. ಇಂದ್ರನಿಂದ ವಾಲಿ, ಸೂರ್ಯನಿಂದ ಸುಗ್ರೀವ ಹುಟ್ಟಿದರು. ಆಮೇಲೆ ಮತ್ತೆ ಗಂಡಾದ. ಹೀಗಾಗಿ ತಂಡದ ಆಯ್ಕೆಯ ಅರ್ಜಿಯಲ್ಲಿ ‘ತಂದೆಯ ಹೆಸರು’, ‘ತಾಯಿಯ ಹೆಸರು’ ಎರಡೂ ಕಾಲಂಗೆ ಒಂದೇ ಹೆಸರು ಬರೆಯಬೇಕು. ಇಂದ್ರನನ್ನು ತುರುಕಲು ಜಾಗವೇ ಇಲ್ಲ. ಅಂಥ ಅರ್ಜಿಯನ್ನು ಯಾವ ಗುಮಾಸ್ತ ಮುಂದಕ್ಕೆ ಕಳಿಸುತ್ತಾನೆ? ಅಧಿಕೃತ ದಾಖಲೆಗಳಲ್ಲಿ ವಾಲಿಯ ಹೆಸರು ಕಾಣದಿರುವುದಕ್ಕೆ ಕಾರಣ ಇಷ್ಟೇ.

ಅಭ್ಯಾಸದ ವಿವರ ಮಾತ್ರ ಕಿಷ್ಕಿಂಧಾಕಾಂಡದಲ್ಲಿ ಭದ್ರವಾಗಿದೆ. ಹೊತ್ತು ಮೂಡುವ ಮೊದಲೇ ಪಡುಗಡಲಿಂದ ಮೂಡುಗಡಲಿಗೆ, ತೆಂಕಲಿಂದ ಬಡಗಲಿಗೆ ಹೋಗಿಬಂದರೂ ವಾಲಿಗೆ ದಣಿವಿಲ್ಲ. ಬೆಟ್ಟದ ಶಿಖರಗಳನ್ನು ಮೇಲಕ್ಕೆಸೆದು ಹಿಡಿಯುತ್ತಿದ್ದ. ಹಂಪಿಯ ಸುತ್ತ ಒಂದರ ಮೇಲೊಂದು ಕೂತ ಗುಂಡುಗಳನ್ನು ಭೂವಿಜ್ಞಾನಿಗಳು ಗ್ರಾನೈಟಿನ ಸವೆತ ಎನ್ನುತ್ತಾರೆ. ಅವು ಕೈತಪ್ಪಿದ ಚೆಂಡುಗಳು. ಇಷ್ಟೊಂದು ಕೈತಪ್ಪುವವನು ಎಂಥ ಆಟಗಾರ ಎಂದು ಸಂಡೂರಿನವರು ಕೊಂಕು ತೆಗೆಯಬಹುದು. ಬೆಟ್ಟಗಳನ್ನೇ ಲಾರಿಗೆ ತುಂಬಿ ಬಂದರಿಗೆ ಕಳಿಸಿದ ಸೀಮೆಯವರು ಬಂಡೆಯ ಲೆಕ್ಕ ಕೇಳಬಾರದು.

ಇನ್ನು ಆ ಪ್ರಸಿದ್ಧ ಎಸೆತ. ಕೋಣನ ರೂಪದ ದುಂದುಭಿಯನ್ನು ಕೊಂದ ವಾಲಿ ಹೆಣವನ್ನೆತ್ತಿ ಒಂದು ಯೋಜನ ದೂರ ಬೀಸಿದ. ಈಗಿನವರು 6.75 ಮೀಟರಿನಿಂದ ಎಸೆದು ಮೂರು ಅಂಕ ಕೇಳುತ್ತಾರೆ! ಹಾರುವಾಗ ರಕ್ತದ ಹನಿಗಳು ಮತಂಗ ಮುನಿಗಳ ಆಶ್ರಮಕ್ಕೆ ಸಿಡಿದವು. ಇಲ್ಲಿ ಕಾಲಿಟ್ಟರೆ ಸತ್ತೆ ಎಂದು ಮುನಿಗಳು ಶಪಿಸಿದರು. ಮೊದಲ ಫೌಲ್, ಮೊದಲ ಹೊರಗೆರೆ, ಮೊದಲ ಆಜೀವ ನಿಷೇಧ, ಮೂರೂ ಒಂದೇ ಎಸೆತಕ್ಕೆ. ಗೆರೆಯೊಳಗಿನ ಋಷ್ಯಮೂಕದಲ್ಲಿ ತಮ್ಮ ಸುಗ್ರೀವ ಹಾಯಾಗಿದ್ದ.

ಜೆರ್ಸಿಯೂ ಈ ಮನೆಯ ಕೊಡುಗೆಯೇ. ಅಣ್ಣ-ತಮ್ಮ ಮೊದಲ ಸಲ ಕಾದಾಡಿದಾಗ ಯಾರು ಯಾರೆಂದು ರಾಮನಿಗೇ ತಿಳಿಯಲಿಲ್ಲ. ಎರಡನೇ ಸುತ್ತಿಗೆ ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಹಾಕಿಸಿದರು. ವಾಲಿಯ ಕೊರಳಲ್ಲಿ ಇಂದ್ರ ಕೊಟ್ಟ ಚಿನ್ನದ ಮಾಲೆ ಹೊಳೆಯುತ್ತಿತ್ತಲ್ಲ, ಅದು ಕಾಣಲಿಲ್ಲವೇ ಎಂಬ ಪ್ರಶ್ನೆಯನ್ನು ಅಂಪೈರ್ ಮೇಲಿನ ಗೌರವದಿಂದ ಇಲ್ಲಿ ಎತ್ತುತ್ತಿಲ್ಲ.

ಮೂರು ತಲೆಮಾರಿನ ಪುರಾವೆ ಸಿಗುವುದು ಸಮುದ್ರ ತೀರದ ಆಯ್ಕೆ ಶಿಬಿರದಲ್ಲಿ. ಲಂಕೆಗೆ ಯಾರು ಎಷ್ಟು ಹಾರಬಲ್ಲಿರಿ ಎಂದು ಕೇಳಿದಾಗ ಗಜ ಹತ್ತು ಯೋಜನ ಎಂದ, ಗವಾಕ್ಷ ಇಪ್ಪತ್ತು ಎಂದ. ಸುಷೇಣ ಎಂಬತ್ತು. ಈ ಸುಷೇಣ ಯಾರು? ವಾಲಿಯ ಹೆಂಡತಿ ತಾರೆಯ ಅಪ್ಪ. ವಾಲಿ-ತಾರೆಯರ ಮಗ ಅಂಗದ ನೂರು ಎಂದ. ತಾತನಿಂದ ಮೊಮ್ಮಗನಿಗೆ ಇಪ್ಪತ್ತು ಯೋಜನದ ಏರಿಕೆ! ಹೋಗುವುದೇನೋ ಹೋಗುತ್ತೇನೆ, ವಾಪಸ್ ಬರುವುದು ಖಾತ್ರಿಯಿಲ್ಲ ಎಂದೂ ಅವನು ಸೇರಿಸಿದ. ಕಂಪ್ಲಿಗೆ ರಾತ್ರಿ ಬಸ್ಸು ಹತ್ತುವವರು ಇಂದಿಗೂ ಹೇಳುವುದು ಇದನ್ನೇ. ಕೋಚ್ ಜಾಂಬವಂತ ನಾಯಕ ಅಂಗದನನ್ನು ಬೆಂಚಿನಲ್ಲಿ ಕೂರಿಸಿ ಹನುಮಂತನನ್ನು ಇಳಿಸಿದ. ಮುಂದಿನದನ್ನು ತಿರುಪತಿಯವರು ಹೇಳುತ್ತಾರೆ.

ಇದೆಲ್ಲ ಕಿಷ್ಕಿಂಧೆ ಎನಿಸಿಕೊಂಡ ಆನೆಗುಂದಿಯ ಸ್ವತ್ತು, ಟಿ.ಬಿ. ಡ್ಯಾಂನವರಿಗೆ ಇಲ್ಲೇನು ಕೆಲಸ ಎಂದು ಹೊಳೆಯಾಚೆಯವರು ಕೇಳುವುದು ಗೊತ್ತೇ ಇದೆ. ಅವರು ಒಮ್ಮೆ ನಮ್ಮ ಕ್ರಸ್ಟ್ ಗೇಟ್ ಅಳೆಯಲಿ. ಒಟ್ಟು 33, ಒಂದೊಂದೂ 20 ಅಡಿ ಎತ್ತರ. ಬ್ಯಾಸ್ಕೆಟ್‌ಬಾಲ್ ರಿಂಗ್ 10 ಅಡಿ. ಸರಿಯಾಗಿ ಎರಡು ಪಟ್ಟು, ಒಂದಿಂಚು ಹೆಚ್ಚಿಲ್ಲ, ಕಡಿಮೆಯಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಬುಟ್ಟಿಯ ತಳ ಕಳಚಿತು. ಎರಡನೇ ಬೆಳೆಯ ಆಸೆ ಹೊತ್ತ ರೈತರು ಎದೆ ಹಿಡಿದುಕೊಂಡರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿಗೇ ಇಳಿಸಿದ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟಿನ ತುಂಡುಗಳೆಷ್ಟು? ಐದು. ಅಂಕಣದಲ್ಲಿ ಒಂದು ತಂಡದವರೆಷ್ಟು? ಕೂಡಿಸಿಕೊಳ್ಳಿ.

ಉಳಿದದ್ದು ಒಂದೇ ಆಕ್ಷೇಪ. ಹಂಪಿಯ ಬಳಿ ನಿಂಬಾಪುರದಲ್ಲಿ ಬೂದಿಯ ದಿಬ್ಬವೊಂದಿದೆ. ವಾಲಿಯನ್ನು ಸುಟ್ಟ ಜಾಗ ಅದು ಎಂದು ನಂಬಿದ ಊರು ನಮ್ಮದು. ಪುರಾತತ್ವದವರು ಬಂದು, ಅದು ನವಶಿಲಾಯುಗದ ಬೂದಿ, ಸುಟ್ಟದ್ದು ದನದ ಸಗಣಿ ಎಂದರು. ಪ್ರತಿಪಕ್ಷದವರು ಇದನ್ನು ಹಿಡಿದು ಕುಣಿಯುತ್ತಿದ್ದಾರೆ. ಸಗಣಿಯಾದರೆ ಇನ್ನೂ ಒಳ್ಳೆಯದಾಯಿತು. ದುಂದುಭಿ ಕೋಣನಲ್ಲವೇ? ಆಟಗಾರ ಸಿಕ್ಕದಿದ್ದರೆ ಬೇಡ, ಚೆಂಡು ಸಿಕ್ಕಿತು.