ಮಿಯಾಟದ ಹಲ್ಲು

ಅಮೆರಿಕದ ಕನ್ನಡ ಸಂಸಾರಗಳ ಚರಿತ್ರೆಯನ್ನು ಬರೀ ಕಾರುಗಳ ಮೇಲೇ ಬರೆಯಬಹುದು. ಬಂದ ಹೊಸದರಲ್ಲಿ ಯಾರೋ ಹಳಬರು ಮಾರಿದ ಕೊರೊಲ್ಲಾ. ಮಗು ಹುಟ್ಟಿದ ಮೇಲೆ ಕ್ಯಾಮ್ರಿ. ಅತ್ತೆ-ಮಾವ ಬರುತ್ತಾರೆ ಅಂದ ಕೂಡಲೇ ಏಳು ಸೀಟಿನ ಒಡಿಸ್ಸಿ. ಮನೆ ಸಾಲ ಅರ್ಧ ತೀರಿದಾಗ ಟೆಸ್ಲಾ. ಅಲ್ಲಿಂದಾಚೆ ಗಂಡಸರಿಗೆ ಎರಡೇ ದಾರಿ: ಮಂಡಿ ನೋವಿರುವವರು ಕನ್ನಡ ಕೂಟದ ಅಧ್ಯಕ್ಷರಾಗುತ್ತಾರೆ, ಇಲ್ಲದವರು ರೇಸ್ ಟ್ರ್ಯಾಕಿಗೆ ಹೋಗುತ್ತಾರೆ. ನಮ್ಮೆಜಮಾನರ ಮಂಡಿ ಗಟ್ಟಿಯಾಗಿತ್ತು.

ನಾವಿರುವ ಫ್ರೀಮಾಂಟಿನಿಂದ ಉತ್ತರಕ್ಕೆ ಮೂರು ತಾಸು ಹೋದರೆ ವಿಲೋಸ್ ಪಕ್ಕದಲ್ಲಿ ಥಂಡರ್‌ಹಿಲ್ ಟ್ರ್ಯಾಕ್ ಇದೆ. ದುಡ್ಡು ಕಟ್ಟಿ, ತಪಾಸಣೆ ಮಾಡಿಸಿ, ನಮ್ಮದೇ ಕಾರು ಓಡಿಸಬಹುದು. ಟೆಸ್ಲಾ ಒಯ್ಯುವುದಕ್ಕೆ ನಾನು ಬಿಡಲಿಲ್ಲ. ಸರಿ, ಅಗ್ಗದ ಹಳೇ ಕಾರಿನ ಹುಡುಕಾಟ ಶುರುವಾಯಿತು. ಬಿಎಂಡಬ್ಲ್ಯು ಇ36 ಚೆಂದವೇ, ಆದರೆ ವಯಸ್ಸಾದಂತೆ ರೇಡಿಯೇಟರ್ ಸುತ್ತಿನ ಪ್ಲಾಸ್ಟಿಕ್ ಸೀಳುತ್ತದೆ. ಸಿವಿಕ್ ಗಟ್ಟಿ, ಆದರೆ ಎಳೆಯುವುದು ಮುಂದಿನ ಚಕ್ರ, ಇವರಿಗೆ ಹಿಂದಿನಿಂದ ತಳ್ಳುವುದೇ ಬೇಕು. ಕೊನೆಗೆ ಈ ಹುಚ್ಚಿನವರೆಲ್ಲ ಬಂದು ನಿಲ್ಲುವಲ್ಲಿಗೇ ಇವರೂ ಬಂದು ನಿಂತರು: ಮಜ್ದಾ ಮಿಯಾಟ. 1989ರಲ್ಲಿ ಬಂದ, ಬಟ್ಟೆ ಚಾವಣಿಯ ಪುಟ್ಟ ಕಾರು. ತೂಕ ಒಂದು ಟನ್ನಿನ ಆಸುಪಾಸು, ಹಾಗಾಗಿ ಟೈರು, ಬ್ರೇಕು ಬೇಗ ಸವೆಯುವುದಿಲ್ಲ. 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿದ್ದರಿಂದ ಗುಜರಿಯಲ್ಲೂ ಬಿಡಿಭಾಗ ಸಿಗುತ್ತದೆ. ಸೀಟು ಮಾತ್ರ ಎರಡೇ. ಆರು ಜನರ ಮನೆಗೆ.

ಅದೇ ಹೊತ್ತಿಗೆ ಚನ್ನಪಟ್ಟಣದ ವಿರೂಪಾಕ್ಷಿಪುರದಿಂದ ಅತ್ತೆ, ಮಾವ ಬಂದಿಳಿದಿದ್ದರು. ಮಾವ ರೇಷ್ಮೆ ಹುಳು ಸಾಕಿ, ರಾಮನಗರದ ಗೂಡಿನ ಮಾರುಕಟ್ಟೆಯ ದುಡ್ಡಿನಲ್ಲಿ ಮಗನನ್ನು ಎಂಜಿನಿಯರ್ ಮಾಡಿದವರು. ಬೈಯುತ್ತಾರೆಂದು ಗ್ಯಾರೇಜಿನ ಮಾತು ಊಟದ ಮೇಜಿಗೆ ಬರದಂತೆ ನೋಡಿಕೊಂಡೆವು. ಮಕ್ಕಳು ಹೇಳಿಬಿಟ್ಟವು.

"ಓಟಕ್ಕಾ?" ಮಾವ ತಟ್ಟೆಯಿಂದ ಕೈಯೆತ್ತಿದರು. "ಓಟಕ್ಕೆ ಅಂತ ಮೊದ್ಲೇ ಹೇಳಾದಲ್ವೇನ್ಲಾ!"

ನಮಗದು ಹೊಳೆಯಬೇಕಿತ್ತೇನೋ. ಕಂಬಳದ ಜೊತೆಗೆ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಟ್ಟು 2017ರಲ್ಲಿ ರಾಜ್ಯ ಮಾಡಿದ ಕಾನೂನು ತಿದ್ದುಪಡಿಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ, ಅರ್ಧರಾತ್ರಿ ಫೋನ್ ಮಾಡಿ ನಮ್ಮನ್ನೆಬ್ಬಿಸಿ ಸುದ್ದಿ ಹೇಳಿದ ಮನುಷ್ಯ ಅವರು. ಮೊಮ್ಮಗಳ ನಾಮಕರಣಕ್ಕೆ ಅಷ್ಟು ಸಡಗರ ಕಂಡಿರಲಿಲ್ಲ.

ಕಾರು ನೋಡಲು ಅವರೂ ಹೊರಟರು, ಹೆಗಲ ಮೇಲೆ ಟವಲ್ ಸಮೇತ. ಮಾರುವವರು ನಿವೃತ್ತ ಮೇಷ್ಟ್ರೊಬ್ಬರು. ಕಾರು 1994ರ ಕೆಂಪು ಮಿಯಾಟ. 94 ಯಾಕೆಂದರೆ ಆ ವರ್ಷದಿಂದ ಎಂಜಿನ್ 1.6 ಲೀಟರಿನಿಂದ 1.8ಕ್ಕೆ ಏರಿತು, ಮೊದಮೊದಲ ಕಾರುಗಳಲ್ಲಿದ್ದ ಕ್ರ್ಯಾಂಕ್‌ಶಾಫ್ಟ್ ಮೂತಿಯ ತೊಂದರೆಯೂ ಇದಕ್ಕಿಲ್ಲ. ಇದನ್ನೆಲ್ಲ ಇವರು ರಾತ್ರಿಯಿಡೀ ವಿಡಿಯೊ ನೋಡಿ ಕಲಿತಿದ್ದರು. ಮಾವ ಏನನ್ನೂ ನೋಡಿರಲಿಲ್ಲ. ಸಂಕ್ರಾಂತಿ ಕಳೆಯುತ್ತಲೇ ಕೆಂಗಲ್ಲಿನ ಅಯ್ಯನಗುಡಿಯಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳ ಹಲ್ಲು, ಸುಳಿ, ಗೊರಸು ನೋಡಿದ್ದಷ್ಟೇ ಅವರ ವಿದ್ಯೆ. ಕಾರನ್ನು ಒಂದು ಸುತ್ತು ಬಂದರು. ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಗಿಲ ಕೆಳಗಿನ ತಗಡಿಗೆ ಬೆರಳ ಗೆಣ್ಣಿನಿಂದ ಕುಟ್ಟಿದರು.

"ಮ್ಯಾಲಿನ ಬಟ್ಟೆ ನೀರೆಲ್ಲ ಇಲ್ಲೇ ಇಳೀಬೇಕು. ಕಿಂಡಿ ಕಟ್ಕಂಡ್ರೆ ಒಳಗೇ ಕೊಳೀತದೆ."

ಇವರ ಮುಖ ನೋಡಬೇಕಿತ್ತು. ಮಿಯಾಟ ತುಕ್ಕು ಹಿಡಿಯುವುದು ಸರಿಯಾಗಿ ಅಲ್ಲೇ, ಅದೇ ಕಾರಣಕ್ಕೆ. ಆಮೇಲೆ ಕಂಪ್ರೆಶನ್ ಪರೀಕ್ಷೆ. ನಾಲ್ಕು ಸಿಲಿಂಡರಿಗೂ ಒಂದೊಂದಾಗಿ ಗೇಜ್ ಹಾಕಿ ಒತ್ತಡ ಅಳೆಯುವುದು. ಅಂಕಿಗಳು ಒಂದಕ್ಕೊಂದು ಹತ್ತಿರವಿದ್ದರೆ ಎಂಜಿನ್ ಆರೋಗ್ಯವಾಗಿದೆ ಎಂದರ್ಥ. ಇವರು ವಿವರಿಸುವ ಮೊದಲೇ ಮಾವ, "ಜೋಡಿ ಸಮ ಇರ್ಬೇಕು ಕಣ್ಲಾ. ಒಂದು ಎಳ್ದು ಒಂದು ಜಗ್ಗಿದ್ರೆ ಗಾಡಿ ಚರಂಡಿಗೆ" ಅಂದರು.

ಜೋಡಿ ಸಮ ಇತ್ತು. ಮಾವ ಟವಲ್ ತೆಗೆದು ಮೇಷ್ಟ್ರ ಬಲಗೈ ಮೇಲೆ ಹೊದಿಸಿ, ಅಡಿಯಲ್ಲಿ ಅವರ ಬೆರಳು ಹಿಡಿದರು. ಜಾತ್ರೆಯಲ್ಲಿ ರೇಟು ಪಕ್ಕದವನಿಗೆ ಕಾಣದಂತೆ ಕುದುರಿಸುವ ಕ್ರಮ ಅದು. ಮೇಷ್ಟ್ರು ಮೊದಲು ಪ್ರಾರ್ಥನೆ ಎಂದುಕೊಂಡು ಕಣ್ಣು ಮುಚ್ಚಿದರು. ಗಾಬರಿಗೋ ಭಕ್ತಿಗೋ, ಮುನ್ನೂರು ಡಾಲರ್ ಇಳಿಸಿದರು.

ಆ ಮುನ್ನೂರು ಹೆಲ್ಮೆಟ್ಟಿಗೂ ಸಾಲಲಿಲ್ಲ. ಬೈಕಿನ ಹೆಲ್ಮೆಟ್ ನಡೆಯದು, ಬೆಂಕಿ ತಾಳುವ ಒಳಪದರವಿರುವ ಎಸ್‌ಎ ಗುರುತಿನದ್ದೇ ಆಗಬೇಕು. ಬ್ರೇಕ್ ಆಯಿಲ್ ಕುದಿಯಬಾರದು, ಹೊಸದು ತುಂಬಬೇಕು. ಪ್ಯಾಡು, ಟೈರು, ರೋಲ್ ಬಾರ್. ಟ್ರ್ಯಾಕಿನಲ್ಲಿ ಗುದ್ದಿದರೆ ಮಾಮೂಲಿ ಇನ್ಶೂರೆನ್ಸ್ ಕೈಯೆತ್ತುತ್ತದೆ, ಅದಕ್ಕೆ ಬೇರೆಯದು. ನಾನು ಬಿಲ್ಲುಗಳನ್ನು ಮಾವನ ಮುಂದಿಟ್ಟೆ, ಮಗನಿಗೆ ಬುದ್ಧಿ ಹೇಳಲಿ ಎಂದು. "ಎತ್ತು ತರಾಕೆ ಯಾರ ಕೈಲಾದ್ರೂ ಆಯ್ತದೆ ಕಣವ್ವ, ಹಿಂಡಿ ಬೂಸ ಹಾಕಾದೇ ಇರಾದು" ಎಂದು ನನಗೇ ಬುದ್ಧಿ ಹೇಳಿದರು.

ಉಳಿದದ್ದು ಪೊರಕೆಯ ಪರೀಕ್ಷೆ. ಸುಳ್ಳಲ್ಲ, ನಿಜವಾಗಿಯೂ ಇದೆ. ಮೇಲ್ಚಾವಣಿ ಬಟ್ಟೆಯದಾದ್ದರಿಂದ, ರೋಲ್ ಬಾರಿನಿಂದ ಮುಂದಿನ ಗಾಜಿನ ಮೇಲಂಚಿಗೆ ಒಂದು ಪೊರಕೆ ಕೋಲು ಅಡ್ಡ ಇಟ್ಟರೆ, ಹೆಲ್ಮೆಟ್ ಹಾಕಿ ಕೂತವನ ತಲೆ ಅದರ ಕೆಳಗಿರಬೇಕು. ಕಾರು ಮಗುಚಿದರೆ ತಲೆ ಉಳಿಯಲಿ ಎಂದು. ಪೊರಕೆ ಬೇಕು ಅಂದದ್ದೇ ತಡ, ಅತ್ತೆ ಊರಿನಿಂದ ಸೂಟ್‌ಕೇಸಿನಲ್ಲಿ ತಂದ ತೆಂಗಿನ ಕಡ್ಡಿ ಪೊರಕೆ ಹಿಡಿದು ಗ್ಯಾರೇಜಿಗೆ ಬಂದರು. ಅದು ಬಾಗಿತು. ನೆಲ ಒರೆಸುವ ಕೋಲು ಇಟ್ಟು ನೋಡಿದರೆ ತಲೆ ಎರಡು ಬೆರಳು ಮೇಲೆ. ಸೀಟಿನ ಸ್ಪಂಜು ಕಿತ್ತು ಹಾಕಿದ ಮೇಲೆ ಪಾಸು.

ಟ್ರ್ಯಾಕಿನ ದಿನ ಮಾವ ಮಗನ ಪಕ್ಕ ಮಿಯಾಟದಲ್ಲಿ, ನಾವೆಲ್ಲ ಹಿಂದೆ ಒಡಿಸ್ಸಿಯಲ್ಲಿ ಪುಳಿಯೋಗರೆ ಸಮೇತ. ತಪಾಸಣೆಯ ಹುಡುಗ ಕಾರಿನೊಳಗೆ ಇಣುಕಿ, ಅಲುಗಾಡುವ ಸಾಮಾನು ಏನೂ ಇರಬಾರದು ಅಂದ. ಕಾಲೊರಸು ತೆಗೆದೆವು, ನೀರಿನ ಬಾಟಲಿ ತೆಗೆದೆವು. ಡ್ಯಾಶ್‌ಬೋರ್ಡಿನ ಗಣಪತಿಯ ಮೇಲೆ ಬೆರಳಿಟ್ಟ. ಅತ್ತೆಯ ಮುಖ ಸಪ್ಪಗಾಯಿತು.

ಮಾವ ಮುಂದೆ ಬಂದರು. "ಬೋಲ್ಟ್ ಹಾಕಿ ಬಿಗುದ್ರೆ ಆಯ್ತದಾ ಕೇಳ್ಲಾ ಅವನ್ನ."